ಫುಟ್‌ಪಾತ್ ಹತ್ತಿದ ಮೇಲೆ ಸೈಕಲ್ ಇಳಿಯೋಣ

ಮಾನ್ಯ ಸಂಪಾದಕರೇ,

ಕಲಬುರಗಿಯ ಸ್ಟೇಷನ್ ರಸ್ತೆ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಬೈಂಡಿಂಗ್ ಕೆಲಸ ಮಾಡುತ್ತೇನೆ. ಬ್ರಹ್ಮಪುರದಿಂದ ಜಗತ್ ಸರ್ಕಲ್ ಮೇಲೆ ಹಾಯ್ದು ದಿನಾ ಸೈಕಲ್ ಮೇಲೇ ಹೋಗಿ ಬರುತ್ತೇನೆ. 18 ವರ್ಷವಾಯಿತು. ಬಸ್ಸು, ಆಟೊಗಳು ಒತ್ತಿಕೊಂಡು ಬಂದಾಗ ಎಷ್ಟೋ ಸಲ ಫುಟ್‌ಪಾತ್ ಹತ್ತಿಸಿದ್ದೇನೆ. ಜೀವ ಉಳಿದರೆ ಸಾಕು ಅನಿಸುತ್ತಿತ್ತು. ಅದರಲ್ಲಿ ತಪ್ಪಿದೆ ಎಂದು ಹೊಳೆದಿರಲಿಲ್ಲ.

ಹೋದ ತಿಂಗಳು ಒಂದು ಸಂಜೆ ಹಾಗೇ ಹತ್ತಿಸಿದೆ. ಮುಂದೆ ಒಬ್ಬ ಅಜ್ಜಿ ತಲೆ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಹೋಗುತ್ತಿದ್ದರು. ದಾರಿ ಬಿಡಲಿ ಎಂದು ಹಿಂದಿನಿಂದ ಬೆಲ್ ಹೊಡೆದೆ. ಅವರು ಗಾಬರಿಯಾಗಿ ನಾನು ನುಗ್ಗುತ್ತಿದ್ದ ಕಡೆಗೇ ಸರಿದರು. ಬ್ರೇಕ್ ಹಿಡಿದರೂ ಹ್ಯಾಂಡಲ್ ಅವರ ಮೊಳಕೈಗೆ ತಾಗಿತು. ಬುಟ್ಟಿ ಬಿತ್ತು. ಖಡಕ್ ರೊಟ್ಟಿಗಳು ಕಲ್ಲಿನ ಮೇಲೆ ಚೂರುಚೂರಾದವು. ನಾನು ಕುಕ್ಕರಗಾಲಲ್ಲಿ ಕೂತು ಆರಿಸುತ್ತಿದ್ದರೆ ಅವರು ಬೈಯಲಿಲ್ಲ. ‘ಯಪ್ಪಾ, ನೀ ಗಂಟಿ ಹೊಡದ್ರ ನಾ ಎತ್ತಾಗ ಸರೀಬೇಕು? ಆ ಕಡಿ ಗ್ವಾಡಿ, ಈ ಕಡಿ ಗಾಡಿ’ ಅಂದರು. ರೊಟ್ಟಿಯ ದುಡ್ಡು ಕೊಟ್ಟೆ. ಆ ಮಾತಿಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ.

ಮರುದಿನ ಪ್ರೆಸ್ಸಿನ ಟೇಪ್ ತಂದು ಅದೇ ಜಾಗ ಅಳೆದೆ. ಗೋಡೆಯಿಂದ ಸಾಲಾಗಿ ನಿಲ್ಲಿಸಿದ್ದ ಬೈಕುಗಳವರೆಗೆ 37 ಇಂಚು. ನನ್ನ ಸೈಕಲ್ಲಿನ ಹ್ಯಾಂಡಲ್ಲೇ 22 ಇಂಚು. ಉಳಿದದ್ದು 15. ಕೈಯಲ್ಲಿ ಚೀಲ ಹಿಡಿದ ಒಬ್ಬ ಮನುಷ್ಯ ಅಷ್ಟರಲ್ಲಿ ಹೇಗೆ ಹಿಡಿಸಬೇಕು? ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ನಡೆಯಲು ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಸುಮಾರು 6 ಅಡಿ. ಅದೂ ನಡೆಯುವವರಿಗಾಗಿ ಹಾಕಿದ ಲೆಕ್ಕ, ಸೈಕಲ್ಲಿಗಲ್ಲ.

ನಾವು ಆರಾಮಾಗಿ ತುಳಿದರೂ ಗಂಟೆಗೆ 15 ಕಿಲೋಮೀಟರ್ ಹೋಗುತ್ತೇವೆ. ಅಂದರೆ ಒಂದು ಸೆಕೆಂಡಿಗೆ 4 ಮೀಟರ್. ಅಂಗಡಿಯಿಂದ ಒಂದು ಮಗು ಹೊರಗೆ ಓಡಿಬಂದರೆ ಬ್ರೇಕ್ ಹಿಡಿಯುವ ಮೊದಲೇ ಎದುರಿಗೆ ಬಂದುಬಿಟ್ಟಿರುತ್ತದೆ. ಕಿವಿ ಕೇಳದವರಿಗೆ ಬೆಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮದು ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರು ಬೇರೆ. ವಯಸ್ಸಾದವರು ಗೋಡೆಯ ನೆರಳು ಹಿಡಿದೇ ನಡೆಯುತ್ತಾರೆ. ಅವರನ್ನು ಬಿಸಿಲಿಗೆ ಸರಿಸುವ ಹಕ್ಕು ನಮಗಿಲ್ಲ.

ಸೈಕಲ್ ಸವಾರ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ರಸ್ತೆಗೆ ಹೆದರಿ ಫುಟ್‌ಪಾತ್ ಹತ್ತಿದಿರೋ, ಇಳಿದು ತಳ್ಳಿಕೊಂಡು ನಡೆಯಿರಿ. ನಾನು ಈಗ ಹಾಗೇ ಮಾಡುತ್ತಿದ್ದೇನೆ, ದಿನಕ್ಕೆ ನಾಲ್ಕೈದು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಸಣ್ಣ ಮಕ್ಕಳನ್ನು ರಸ್ತೆಗೆ ಬಿಡಿ ಎಂದು ನಾನು ಹೇಳಲಾರೆ. ಅವರು ಫುಟ್‌ಪಾತ್ ಮೇಲೇ ತುಳಿಯಲಿ, ಆದರೆ ದೊಡ್ಡವರೊಬ್ಬರು ಪಕ್ಕದಲ್ಲಿ ನಡೆಯುತ್ತಿರಲಿ. ಮುಂದೆ ಯಾರಾದರೂ ಇದ್ದರೆ ಬೆಲ್ ಬೇಡ. ದೂರದಿಂದಲೇ ‘ಅವ್ವಾ, ಸ್ವಲ್ಪ ಬರ್ತೀನ್ರಿ’ ಎಂದರೆ ಸಾಕು, ಜನ ನಗುತ್ತಾ ದಾರಿ ಬಿಡುತ್ತಾರೆ. ಬಿಡದಿದ್ದರೆ ಅವರ ಹಿಂದೆಯೇ ನಡೆಯಬೇಕು.

ಫುಟ್‌ಪಾತ್ ಜನರ ಹಕ್ಕು, ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲೇ ಅದು ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಹಾಗಾಗಿ ಸಂಬಂಧಪಟ್ಟ ಅಧಿಕಾರಿಗಳಲ್ಲೂ ಕೇಳಿಕೊಳ್ಳುತ್ತೇನೆ. ಫುಟ್‌ಪಾತ್ ಮೇಲೆ ನಿಲ್ಲಿಸುವ ಬೈಕುಗಳನ್ನು ತೆಗೆಸಿ. ಸರ್ದಾರ್ ಪಟೇಲ್ ಸರ್ಕಲ್‌ನಿಂದ ರೈಲ್ವೆ ಸ್ಟೇಷನ್‌ವರೆಗಾದರೂ ರಸ್ತೆಯ ಎಡಕ್ಕೆ ಸೈಕಲ್ಲಿಗೆಂದು ಒಂದು ಪಟ್ಟಿ ಬಿಡಿಸಿ ಕೊಡಿ. ಅಷ್ಟು ಸಿಕ್ಕರೆ ನನ್ನಂಥವರು ಫುಟ್‌ಪಾತ್ ಹತ್ತುವ ಪ್ರಸಂಗವೇ ಬರುವುದಿಲ್ಲ.

ಇತಿ,
ಒಬ್ಬ ಸೈಕಲ್ ಸವಾರ
ಬ್ರಹ್ಮಪುರ, ಕಲಬುರಗಿ