ಹೆಸರು ಬೇಡವೆಂದ ಆ ಸಮಾಜ ಕಾರ್ಯಕರ್ತೆಗೆ

ಕೌಟುಂಬಿಕ ದೌರ್ಜನ್ಯ ಕುರಿತ ನಮ್ಮ ಸಂದರ್ಶನ ಯೋಜನೆಯನ್ನು ಸಾಲುಸಾಲಾಗಿ ತಿದ್ದಿಕೊಟ್ಟ ನಿಮಗೆ ಮನಸಾರೆ ವಂದನೆ. ವಿಶ್ವ ಆರೋಗ್ಯ ಸಂಸ್ಥೆಯ 2001ರ ಸುರಕ್ಷತಾ ಸೂಚನೆಗಳನ್ನು ನಾವೂ ಓದಿದ್ದೆವು. ಮನೆಬಾಗಿಲಲ್ಲಿ ಅವನ್ನು ಪಾಲಿಸುವುದು ಹೇಗೆಂದು ತೋರಿಸಿದ್ದು ನೀವು. ಒಂದು ಮನೆಯಿಂದ ಒಬ್ಬರನ್ನೇ ಮಾತಾಡಿಸಬೇಕು. 2 ವರ್ಷ ದಾಟಿದ ಮಗು ಹತ್ತಿರವಿದ್ದರೂ ಆಗದು, ಕೇಳಿಸಿಕೊಂಡದ್ದನ್ನು ಅಪ್ಪನೆದುರು ಆಡಿಬಿಡಬಹುದು. ಯಾರಾದರೂ ಒಳಬಂದರೆ ಥಟ್ಟನೆ ಮಾತು ಹೊರಳಿಸಲು ಆರೋಗ್ಯದ ಪ್ರಶ್ನೆಗಳ ಹಾಳೆ ಕೈಯಲ್ಲೇ ಇರಲಿ. ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿ ಉಳಿಯಬಾರದು, ಫೋನಿನಲ್ಲಿ ಮೆಸೇಜೂ ಉಳಿಯಬಾರದು. ಬರೆಯುವಾಗ ಹೆಸರು ಅಳಿಸಿದರಷ್ಟೇ ಸಾಲದು: ಮಕ್ಕಳ ಸಂಖ್ಯೆ, ಕೆಲಸ, ಗಾಯದ ವಿವರ ಒಟ್ಟು ಸೇರಿದರೆ ಗಂಡ ಗುರುತು ಹಿಡಿಯುತ್ತಾನೆ. ‘ಎಷ್ಟು ಸಲ ಹೊಡೆದ’ ಎಂಬುದರ ಪಕ್ಕ ‘ದುಡ್ಡು, ಫೋನು ಯಾರ ಕೈಯಲ್ಲಿ’ ಎಂದು ಸೇರಿಸಿದ್ದೂ ನೀವೇ. ಹೊಡೆತವಿಲ್ಲದ ಹಿಡಿತ ಅದಿಲ್ಲದೆ ದಾಖಲಾಗುತ್ತಲೇ ಇರಲಿಲ್ಲ.