ಲಂಡನ್‌ಗೆ ಹೋದವರು ಸರ್ಬಿಟನ್‌ನಲ್ಲೂ ಒಮ್ಮೆ ಇಳಿಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಈಗೀಗ ಫಾರ್ಮುಲಾ ಒನ್ ಸುದ್ದಿ ಜಾಸ್ತಿ ಬರುತ್ತಿದೆ, ಸಂತೋಷ. ಆದರೆ ಯಾವಾಗ ಓದಿದರೂ ಮೊನಾಕೊ, ವಿಹಾರ ನೌಕೆ, ಕೋಟಿಗಟ್ಟಲೆ ಸಂಬಳ, ಇಷ್ಟೇ. ಓದಿದವರಿಗೆ ರೇಸ್ ಡ್ರೈವರ್ ಅಂದರೆ ಹುಟ್ಟಾ ಶ್ರೀಮಂತ ಅನ್ನಿಸಬೇಕು. 1950, 60ರ ದಶಕದ ಚಾಂಪಿಯನ್‌ಗಳಲ್ಲಿ ಕೆಲವರು ಎಲ್ಲಿದ್ದರು ಗೊತ್ತಾ? ಲಂಡನ್ನಿನ ಅಂಚಿನ ಬಡಾವಣೆಗಳಲ್ಲಿ. ಬೆಳಿಗ್ಗೆ ರೈಲು ಹಿಡಿದು ಆಫೀಸಿಗೆ ಓಡುವವರು, ಸಂಜೆ ಬಂದು ಗಿಡಕ್ಕೆ ನೀರು ಹಾಕುವವರು ಇದ್ದ ಬೀದಿಗಳಲ್ಲೇ ಇವರೂ ಇದ್ದರು. ಈ ಕಥೆಯನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಈ ಪತ್ರ.

ಮಕ್ಕಳು ಲಂಡನ್ನಿನಲ್ಲಿದ್ದಾರೆ ಅಂತ ನಮ್ಮ ಕಡೆಯಿಂದ ಎಷ್ಟೋ ಜನ ಹೋಗಿ ಬರುತ್ತಾರೆ. ನೋಡುವುದು ಅವೇ ನಾಲ್ಕು ಜಾಗ. ಅರಮನೆ, ಗಡಿಯಾರದ ಗೋಪುರ, ದೊಡ್ಡ ಚಕ್ರ, ಆಮೇಲೆ ಥೇಮ್ಸ್ ದಡದ ನಮ್ಮ ಬಸವಣ್ಣನವರ ಪ್ರತಿಮೆ. ಇನ್ನೂ ಉತ್ಸಾಹ ಇದ್ದವರು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋಗುತ್ತಾರೆ. ವಾಟರ್‌ಲೂನಿಂದ ಆ ರೈಲು ಹೊರಟರೆ ವಿಂಬಲ್ಡನ್ ಬಂತು ಅಂತ ಎಲ್ಲರೂ ಕಿಟಕಿಯಲ್ಲಿ ಇಣುಕುತ್ತಾರೆ, ಆಮೇಲೆ ಫೋನ್ ನೋಡುತ್ತಾ ಕೂರುತ್ತಾರೆ. ಅಸಲಿ ಜಾಗಗಳು ಬರುವುದೇ ಅಲ್ಲಿಂದ ಮುಂದೆ. ಮೊದಲು ನ್ಯೂ ಮಾಲ್ಡನ್. ಆಮೇಲೆ ಬೆರಿಲ್ಯಾಂಡ್ಸ್. ಆಮೇಲೆ ಸರ್ಬಿಟನ್.

ಸರ್ಬಿಟನ್‌ನಲ್ಲಿ ಇಳಿದರೆ 1937ರ ಬೆಳ್ಳನೆಯ ಸ್ಟೇಷನ್ ಕಟ್ಟಡವೇ ನೋಡುವಂಥದ್ದು. ಆದರೆ ಹೋಗಬೇಕಾದದ್ದು ಹಾಲಿಫೀಲ್ಡ್ ರಸ್ತೆಗೆ. ಅಲ್ಲಿ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಒಂದು ಗ್ಯಾರೇಜ್ ಇಟ್ಟುಕೊಂಡಿದ್ದರು. ಎರಡನೇ ಮಹಾಯುದ್ಧ ಮುಗಿದಿತ್ತು, ದೇಶದಲ್ಲಿ ಪೆಟ್ರೋಲ್‌ಗೂ ರೇಷನ್. ಇವರಿಗೆ ರೇಸ್ ಕಾರ್ ಕಟ್ಟುವ ಹುಚ್ಚು. 1946ರಲ್ಲಿ ಎರಡು ಹಳೆಯ ಫಿಯಾಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಬೆಸುಗೆ ಹಾಕಿ, 500 ಸಿಸಿಯ ಬೈಕ್ ಎಂಜಿನ್ ಕೂರಿಸಿ ಒಂದು ಪುಟ್ಟ ಕಾರ್ ಮಾಡಿದರು. ಬೈಕ್ ಎಂಜಿನ್ ಅಂದ ಮೇಲೆ ಚೈನ್ ಇರುತ್ತದೆ, ಚೈನ್ ಹಿಂದಿನ ಚಕ್ರವನ್ನು ತಿರುಗಿಸಬೇಕು, ಹಾಗಾಗಿ ಎಂಜಿನ್ ಡ್ರೈವರ್ ಬೆನ್ನ ಹಿಂದೆ ಹೋಯಿತು. ಅಷ್ಟೇ ಕಾರಣ. ದೊಡ್ಡ ಸಿದ್ಧಾಂತ ಏನೂ ಇರಲಿಲ್ಲ. ಆದರೆ ಮುಂದೆ ಇದೇ ಏರ್ಪಾಡು ಇಡೀ ಫಾರ್ಮುಲಾ ಒನ್ನನ್ನು ಬದಲಿಸಿಬಿಟ್ಟಿತು. ಎಂಜಿನ್ ಮುಂದೆಯೇ ಇರಬೇಕು ಅಂತ ಹಟ ಹಿಡಿದ ಫೆರಾರಿ ಕೂಡ 1961ರ ಹೊತ್ತಿಗೆ ಎಂಜಿನ್ನನ್ನು ಹಿಂದಕ್ಕೆ ತಂದಿತು. ಇವತ್ತಿಗೂ ಆ ಕಾರುಗಳ ಎಂಜಿನ್ ಡ್ರೈವರ್ ಹಿಂದೆಯೇ ಇದೆ.

ಈ ಗ್ಯಾರೇಜಿಗೆ 1955ರಲ್ಲಿ ಆಸ್ಟ್ರೇಲಿಯಾದಿಂದ ಒಬ್ಬ ಬಂದ. ಹೆಸರು ಜಾಕ್ ಬ್ರ್ಯಾಬಮ್. ಮಾತು ಕಡಿಮೆ, ಕೈ ಕೆಲಸ ಜಾಸ್ತಿ. ಕೂಪರ್ ವರ್ಕ್‌ಶಾಪಿನಲ್ಲಿ ಸುತ್ತಾಡುತ್ತಾ, ಸ್ಪ್ಯಾನರ್ ಹಿಡಿದು ಸಹಾಯ ಮಾಡುತ್ತಾ, ಅಲ್ಲೇ ತನಗೊಂದು ಕಾರ್ ಕಟ್ಟಿಕೊಂಡು ಅದೇ ವರ್ಷ ಬ್ರಿಟಿಷ್ ಗ್ರ್ಯಾನ್ ಪ್ರೀಯಲ್ಲಿ (ಫಾರ್ಮುಲಾ ಒನ್‌ನ ಒಂದೊಂದು ರೇಸಿಗೂ ಗ್ರ್ಯಾನ್ ಪ್ರೀ ಅನ್ನುತ್ತಾರೆ) ಓಡಿಸಿದ. ಕಾರುಗಳನ್ನು ಸಾಗಿಸುವ ಲಾರಿಯನ್ನೂ ಓಡಿಸಿದ. ಈಗಿನ ಚಾಂಪಿಯನ್ ಒಬ್ಬರು ತಮ್ಮ ತಂಡದ ಲಾರಿ ಓಡಿಸುವುದನ್ನು ಸುಮ್ನೆ ಊಹಿಸಿಕೊಳ್ಳಿ! ಮುಂದೆ ಪಕ್ಕದ ಚೆಸಿಂಗ್ಟನ್‌ನಲ್ಲಿ ಸ್ವಂತ ಗ್ಯಾರೇಜನ್ನೂ ತೆರೆದ.

ಇನ್ನೊಬ್ಬ ಬ್ರೂಸ್ ಮೆಕ್ಲಾರೆನ್. ನ್ಯೂಜಿಲೆಂಡಿನ ಹುಡುಗ. ಬಾಲ್ಯದಲ್ಲಿ ಸೊಂಟದ ಮೂಳೆಯ ಕಾಯಿಲೆ ಬಂದು ಸುಮಾರು ಎರಡು ವರ್ಷ ಹಾಸಿಗೆ ಹಿಡಿದಿದ್ದವನು, ಒಂದು ಕಾಲು ಗಿಡ್ಡವಾಗಿಯೇ ಉಳಿಯಿತು. ಪ್ರತಿಭಾವಂತ ಡ್ರೈವರ್‌ಗಳನ್ನು ಯುರೋಪಿಗೆ ಕಳಿಸುವ ಅಲ್ಲಿನ ಯೋಜನೆಯಲ್ಲಿ 1958ರಲ್ಲಿ ಆಯ್ಕೆಯಾಗಿ ಇಂಗ್ಲೆಂಡಿಗೆ ಬಂದ. ಸರ್ಬಿಟನ್‌ನಲ್ಲೇ ತಂಗಿದ. ಊರಿನ ಗೆಳೆಯ ಫಿಲ್ ಕೆರ್ ಕೂಡ ಬಂದು ಬ್ರ್ಯಾಬಮ್‌ನ ವ್ಯವಹಾರ ನೋಡಿಕೊಳ್ಳಲು ಸೇರಿಕೊಂಡ, ಇಬ್ಬರೂ ಒಂದೇ ಮನೆ ಹಂಚಿಕೊಂಡರು. ನಮ್ಮ ಹಳ್ಳಿ ಹುಡುಗರು ಬೆಂಗಳೂರಿಗೆ ಬಂದು ರೂಮ್ ಮಾಡಿಕೊಂಡು ಇರುತ್ತಾರಲ್ಲ, ಹಾಗೆ.

ಕೂಪರ್ ಕಾರು ಓಡಿಸುತ್ತಿದ್ದ ಬ್ರ್ಯಾಬಮ್, ಮೆಕ್ಲಾರೆನ್ ಇಬ್ಬರೂ ಸೇರಿ ಕೊಟ್ಟ ಮರೆಯಲಾಗದ ದಿನ ಒಂದಿದೆ. 1959ರ ಡಿಸೆಂಬರ್ 12, ಅಮೆರಿಕದ ಸೆಬ್ರಿಂಗ್. ಕೊನೆಯ ಸುತ್ತು. ಬ್ರ್ಯಾಬಮ್ ಮುಂದಿದ್ದಾನೆ, ಹಿಂದೆಯೇ ಮೆಕ್ಲಾರೆನ್. ಗೆಲುವಿನ ಗೆರೆ ಇನ್ನೇನು ಕಾಣುತ್ತದೆ ಅನ್ನುವಾಗ ಬ್ರ್ಯಾಬಮ್ ಕಾರಿನ ಪೆಟ್ರೋಲ್ ಖಾಲಿ! ಮೆಕ್ಲಾರೆನ್ ದಾಟಿಕೊಂಡು ಹೋಗಿ ರೇಸ್ ಗೆದ್ದ. ಆಗ ಅವನಿಗೆ 22 ವರ್ಷ. ಆಗ ವಿಶ್ವ ಚಾಂಪಿಯನ್‌ಶಿಪ್ ಲೆಕ್ಕಕ್ಕೇ ಸೇರುತ್ತಿದ್ದ ಅಮೆರಿಕದ ಇಂಡಿಯಾನಾಪೊಲಿಸ್ ರೇಸನ್ನು ಬಿಟ್ಟು ಲೆಕ್ಕ ಹಾಕಿದರೆ, ಅತಿ ಚಿಕ್ಕ ವಯಸ್ಸಿನಲ್ಲಿ ಗ್ರ್ಯಾನ್ ಪ್ರೀ ಗೆದ್ದ ಆ ದಾಖಲೆ 2003ರಲ್ಲಿ ಸ್ಪೇನಿನ ಡ್ರೈವರ್ ಅಲಾನ್ಸೊ ಮುರಿಯುವ ತನಕ ಹಾಗೇ ಇತ್ತು. ಇತ್ತ ಬ್ರ್ಯಾಬಮ್ ಕಾರಿನಿಂದ ಕೆಳಗಿಳಿದ. ಬೇರೆ ಯಾರಾದರೂ ಕೈ ಹಾಕಿದರೆ ಅನರ್ಹನಾಗುತ್ತಾನೆ. ಹಾಗಾಗಿ ಒಬ್ಬನೇ, ಏರು ದಾರಿಯಲ್ಲಿ, ಏದುಸಿರು ಬಿಡುತ್ತಾ ಕಾರನ್ನು ಗೆರೆಯ ತನಕ ತಳ್ಳಿ ಅಲ್ಲೇ ಕುಸಿದ. ಸಿಕ್ಕಿದ್ದು ನಾಲ್ಕನೇ ಸ್ಥಾನ. ಆದರೆ ವರ್ಷವಿಡೀ ಗಳಿಸಿದ ಅಂಕಗಳ ಲೆಕ್ಕದಲ್ಲಿ ಆ ವರ್ಷದ ವಿಶ್ವ ಚಾಂಪಿಯನ್ ಅವನೇ, ಮರುವರ್ಷವೂ ಅವನೇ. ಎರಡೂ ಸಲ ಕಾರು ಹೋದದ್ದು ಸರ್ಬಿಟನ್‌ನ ಆ ಅಡ್ಡ ರಸ್ತೆಯ ಗ್ಯಾರೇಜಿನಿಂದ.

ಯಾಕೆ ಈ ಬಡಾವಣೆಗಳೇ ಅಂತ ಕೇಳಬಹುದು. ಹತ್ತಿರದ ವೇಬ್ರಿಜ್ ಪಕ್ಕದಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ರೇಸ್ ಟ್ರ್ಯಾಕ್ 1907ರಿಂದಲೇ ಇತ್ತು. ಕಿಂಗ್‌ಸ್ಟನ್‌ನಲ್ಲಿ ಹಾಕರ್ ವಿಮಾನ ಕಾರ್ಖಾನೆ, ಹಾಗಾಗಿ ಅಲ್ಯೂಮಿನಿಯಂ ಹಾಳೆ ಬಡಿಯುವವರು, ಬೆಸುಗೆಯವರು, ಲೇತ್ ಕೆಲಸದವರು ಸುತ್ತಮುತ್ತಲಲ್ಲೇ ಸಿಗುತ್ತಿದ್ದರು. ಕಸುಬು ಗೊತ್ತಿದ್ದವರು ಪಕ್ಕದ ಬೀದಿಯಲ್ಲೇ ಇದ್ದರೆ ದೊಡ್ಡ ಕಾರ್ಖಾನೆ ಯಾಕೆ ಬೇಕು, ಅಲ್ವಾ? ನಮ್ಮ ಪೀಣ್ಯ, ರಾಜಾಜಿನಗರದ ಸಣ್ಣ ಶೆಡ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಕ್ಲಾರೆನ್ 1963ರಲ್ಲಿ ಸ್ವಂತ ತಂಡ ಕಟ್ಟಿದ. ಮೊದಲ ಜಾಗ ನ್ಯೂ ಮಾಲ್ಡನ್‌ನ ಒಂದು ಶೆಡ್. ಮಣ್ಣಿನ ನೆಲ. ಅರ್ಧ ಜಾಗದಲ್ಲಿ ರಸ್ತೆ ಮಟ್ಟ ಮಾಡುವ ದೊಡ್ಡ ಯಂತ್ರ ನಿಂತಿರುತ್ತಿತ್ತು, ಉಳಿದದ್ದರಲ್ಲಿ ಇವರ ರೇಸ್ ಕಾರ್. ಇದೇ ಇವತ್ತಿನ ಮೆಕ್ಲಾರೆನ್ ತಂಡ ಸ್ವಾಮಿ! 2024ರಲ್ಲಿ ತಂಡಗಳ ವಿಶ್ವ ಪ್ರಶಸ್ತಿ ಗೆದ್ದಾಗ ಎಲ್ಲ ಪತ್ರಿಕೆಗಳೂ ವೋಕಿಂಗ್‌ನಲ್ಲಿರುವ ತಂಡದ ಕೇಂದ್ರ, ಆ ಗಾಜಿನ ಭವ್ಯ ಕಟ್ಟಡದ ಫೋಟೊ ಹಾಕಿದವು. ಮಣ್ಣು ನೆಲದ ಶೆಡ್ ಎಲ್ಲೂ ಕಾಣಲಿಲ್ಲ. ಬ್ರೂಸ್ 1968ರಲ್ಲಿ ಬೆಲ್ಜಿಯಂನಲ್ಲಿ ತನ್ನದೇ ಹೆಸರಿನ ಕಾರಿನಲ್ಲಿ ಗೆದ್ದ, 1970ರ ಜೂನ್ 2ರಂದು ಗುಡ್‌ವುಡ್ ಟ್ರ್ಯಾಕ್‌ನಲ್ಲಿ ಕಾರ್ ಪರೀಕ್ಷೆ ಮಾಡುವಾಗ ತೀರಿಕೊಂಡ. ವಯಸ್ಸು ಬರೀ 32.

ಉತ್ತರ ಲಂಡನ್ನಿನಲ್ಲಿ ಮಕ್ಕಳಿರುವವರು ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಮಿಲ್ ಹಿಲ್ ಇದೆ. ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲು ಹತ್ತಿ ಮಿಲ್ ಹಿಲ್ ಬ್ರಾಡ್‌ವೇಯಲ್ಲಿ ಇಳಿಯಿರಿ. ಪಾರ್ಕ್‌ಸೈಡ್ ಎಂಬ ರಸ್ತೆಯ ಒಂದು ಮನೆ ಗೋಡೆಯ ಮೇಲೆ ದುಂಡನೆಯ ನೀಲಿ ಫಲಕ ಇದೆ. ಗ್ರಹಾಂ ಹಿಲ್, ವಿಶ್ವ ಚಾಂಪಿಯನ್ ರೇಸ್ ಡ್ರೈವರ್, 1960ರಿಂದ 1972ರ ತನಕ ಇಲ್ಲಿ ವಾಸವಿದ್ದರು ಅಂತ ಬರೆದಿದೆ. ಅವರ ಎರಡೂ ವಿಶ್ವ ಪ್ರಶಸ್ತಿಗಳು, 1962 ಮತ್ತು 1968ರವು, ಈ ಮನೆಯಲ್ಲಿದ್ದಾಗಲೇ ಬಂದವು. ಐದು ಸಲ ಮೊನಾಕೊ ಗ್ರ್ಯಾನ್ ಪ್ರೀ ಗೆದ್ದು ಬಂದದ್ದೂ ಇದೇ ಮನೆಗೆ.

ಹಿಲ್ ಅವರ ಕಥೆಯೂ ಸಿನಿಮಾಕ್ಕಿಂತ ಕಮ್ಮಿ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದೇ 24ನೇ ವಯಸ್ಸಿನಲ್ಲಿ. ಒಂದು ಸುತ್ತಿಗೆ ಐದು ಶಿಲ್ಲಿಂಗ್ ಅನ್ನುವ ಜಾಹೀರಾತು ನೋಡಿ ಒಂದು ಪೌಂಡ್ ಕೊಟ್ಟು ಬ್ರ್ಯಾಂಡ್ಸ್ ಹ್ಯಾಚ್ ರೇಸ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಹೊಡೆದರು, ಅಲ್ಲಿಗೆ ಹುಚ್ಚು ಹಿಡಿಯಿತು. ಆಮೇಲೆ ಲೋಟಸ್ ಎಂಬ ರೇಸ್ ಕಾರ್ ಕಂಪನಿಯಲ್ಲಿ ದಿನಕ್ಕೆ ಒಂದು ಪೌಂಡ್ ಕೂಲಿಗೆ ಮೆಕ್ಯಾನಿಕ್. ಮೊನಾಕೊ ಅಥವಾ ವಿಶ್ವ ಪ್ರಶಸ್ತಿ, ಜೊತೆಗೆ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸ್, ಫ್ರಾನ್ಸಿನ ಲ್ಯ ಮಾನ್ 24 ಗಂಟೆಯ ರೇಸ್, ಈ ಮೂರನ್ನೂ ಗೆದ್ದವರು ಇವತ್ತಿಗೂ ಅವರೊಬ್ಬರೇ. 1969ರಲ್ಲಿ ಎರಡೂ ಕಾಲು ಮುರಿದವು, ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ರೇಸಿಗಿಳಿದು ಆರನೆಯವರಾದರು. ಎಲ್‌ಸ್ಟ್ರೀ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ, ಸ್ವಂತ ವಿಮಾನವನ್ನು ತಾವೇ ಓಡಿಸುತ್ತಿದ್ದರು. 1975ರ ನವೆಂಬರ್ 29ರ ರಾತ್ರಿ ಮಂಜಿನಲ್ಲಿ ಇಳಿಯಲು ಹೋಗಿ ಆರ್ಕ್‌ಲಿಯ ಗಾಲ್ಫ್ ಮೈದಾನದಲ್ಲಿ ವಿಮಾನ ಬಿತ್ತು, ಹಿಲ್ ತೀರಿಕೊಂಡರು, ಅವರ ರೇಸ್ ತಂಡದ ಐವರು ಜೊತೆಗಾರರೂ ಉಳಿಯಲಿಲ್ಲ. ಮಿಲ್ ಹಿಲ್‌ನ ಆ ಮನೆಯಲ್ಲಿ ಆಡಿ ಬೆಳೆದ ಮಗ ಡೇಮನ್ 1996ರಲ್ಲಿ ವಿಶ್ವ ಚಾಂಪಿಯನ್ ಆದರು.

ಆ ನೀಲಿ ಫಲಕ ಹಾಕುವುದಕ್ಕೂ ಒಂದು ಕಾಯಿದೆ ಇದೆ. ವ್ಯಕ್ತಿ ತೀರಿಕೊಂಡು 20 ವರ್ಷ ಆಗಿರಬೇಕು, ಅವರಿದ್ದ ಕಟ್ಟಡ ಉಳಿದಿರಬೇಕು. ಹೆಸರು ಸೂಚಿಸಲು ಮಾತ್ರ ಯಾರಿಗಾದರೂ ಅವಕಾಶ. ನನಗೆ ಈ ಕಾಯಿದೆ ಹಿಡಿಸಿತು. ನಮ್ಮಲ್ಲಿ ಆದರೆ ಮನುಷ್ಯ ಬದುಕಿರುವಾಗಲೇ ವೃತ್ತಕ್ಕೆ ಹೆಸರು, ಫ್ಲೆಕ್ಸು, ಹಾರ! ಬ್ರ್ಯಾಬಮ್ ತೀರಿಕೊಂಡದ್ದು 2014ರಲ್ಲಿ, ಹಾಗಾಗಿ ಅವರಿಗೆ ಈ ಫಲಕ ಸಿಗಬೇಕಾದರೆ 2034ರ ತನಕ ಕಾಯಬೇಕು.

ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಮೆಕ್ಲಾರೆನ್ ಬಗ್ಗೆ ಬರೆಯುವಾಗ ನ್ಯೂ ಮಾಲ್ಡನ್‌ಗೂ ಎರಡು ಸಾಲು ಕೊಡಿ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಟ್ಟರೆ ಇನ್ನೂ ಒಳ್ಳೆಯದು. ಓದುಗರಿಗೂ ಒಂದು ಮಾತು: ಇವೆಲ್ಲ ಜನ ವಾಸ ಇರುವ ಬೀದಿಗಳು, ಮ್ಯೂಸಿಯಂ ಅಲ್ಲ. ಬಾಗಿಲು ತಟ್ಟಬೇಡಿ, ಬೆಲ್ ಒತ್ತಬೇಡಿ. ಫುಟ್‌ಪಾತ್‌ನಲ್ಲಿ ನಿಂತರೂ ಫಲಕ ಚೆನ್ನಾಗಿ ಕಾಣುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ
ಜಯನಗರ, ಬೆಂಗಳೂರು