ನಿಮ್ಮ ಯಜಮಾನರು ದಡ್ಡರಲ್ಲ

ಪ್ರೀತಿಯ ಗೆಳೆಯರೇ,

ಕಥೆ ಓದಿದೆ. ತೀರ್ಥಹಳ್ಳಿ ಕಡೆಯ ತೋಟದ ಯಜಮಾನರು, ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದರೆ ಸಾಕು, ಕಿವಿ ಮುಚ್ಚಿಕೊಳ್ಳುತ್ತಾರೆ. ವಸ್ತು ಚೆನ್ನಾಗಿದೆ. ಆದರೆ ಅವರನ್ನು ಶುದ್ಧ ಪೆದ್ದರನ್ನಾಗಿ ಮಾಡಿಬಿಟ್ಟಿದ್ದೀರಿ. ವಿಡಂಬನೆ ಎಡವಿದ್ದು ಅಲ್ಲೇ.

ಗೊತ್ತಿಲ್ಲದಿರುವುದು ನಗುವ ವಿಷಯವಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮಂಗನ ಕಾಯಿಲೆಯಿಂದ ಸಾಯತೊಡಗಿದಾಗ, ಅದನ್ನು ಹರಡುವುದು ಉಣುಗು ಎಂಬ ರಕ್ತ ಹೀರುವ ಹುಳು ಅಂತ ಊರಿನವರಿಗೆ ಹೇಗೆ ತಿಳಿಯಬೇಕಿತ್ತು? ಅವರನ್ನು ಲೇವಡಿ ಮಾಡಿದರೆ ಓದುಗರು ನಿಮ್ಮನ್ನೇ ಬೈಯುತ್ತಾರೆ. ನಿಮ್ಮ ಯಜಮಾನರ ಕಥೆ ಬೇರೆ. ಅವರಿಗೆ ಗೊತ್ತು. ತಮಗೇ ಗೊತ್ತಾಗದ ಹಾಗೆ ನೋಡಿಕೊಳ್ಳಲು ದಿನವಿಡೀ ದುಡಿಯುತ್ತಾರೆ. ಆ ದುಡಿಮೆಯನ್ನು ಬರೆಯಿರಿ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಹಾಕದಿದ್ದರೂ ಅಪಾಯವೇ ಎಂದಿತು. ನಿಮ್ಮ ಯಜಮಾನರು ಇದನ್ನು ಕೇಳಿ ‘ಸುಳ್ಳು, ಸುಳ್ಳು’ ಎಂದು ಕೂಗಾಡುತ್ತಾರೆ. ಯಾಕೆ ಕೂಗಬೇಕು? ಜಗಲಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ನಿಧಾನಕ್ಕೆ ಹೇಳಲಿ: ‘ಆ ಪಟ್ಟೀಲಿ ಬಿಸಿಲೂ ಇದೆ ಮಾರಾಯ. ಸೂರ್ಯನನ್ನೂ ಬಂದ್ ಮಾಡ್ತಾರಾ?’

ಅದು ನಿಜವೇ. ಬಿಸಿಲೂ ಅದೇ ಗುಂಪಿನಲ್ಲಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ ಮಾತ್ರ, ಅಪಾಯ ಎಷ್ಟು ಜಾಸ್ತಿ ಅಂತಲ್ಲ. ಅಂದರೆ ಯಜಮಾನರು ಸುಳ್ಳು ಹೇಳಬೇಕಾಗಿಯೇ ಇಲ್ಲ. ತಮಗೆ ಬೇಕಾದ ನಿಜವನ್ನು ಆರಿಸಿಕೊಂಡರೆ ಸಾಕು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆವಾರು ವಿಂಗಡಿಸಿದ ಕೈಗೆ ಆರಿಸುವುದನ್ನು ನಾವು ಕಲಿಸಬೇಕೇ!

ಆಮೇಲೆ ಮೊಮ್ಮಗ ತಬಕಿನಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಲಿ. ‘ಏಯ್, ಉಗಿ ಅದನ್ನ!’ ಎಂದು ಯಜಮಾನರು ಗದರಲಿ. ಅಷ್ಟೇ. ವಿವರಿಸಲು ಹೋಗಬೇಡಿ.

ಇನ್ನು ಬೆಂಗಳೂರಿನಿಂದ ಬರುವ ಆ ಜಾಣ ಅಳಿಯ. ಅವನ ಬಾಯಲ್ಲಿ ನೀವೇ ಭಾಷಣ ಮಾಡುತ್ತಿದ್ದೀರಿ, ಅಲ್ವಾ? ಅವನ ಕೈಗೊಂದು ಬಿಯರ್ ಬಾಟಲಿ ಕೊಡಿ. ಮದ್ಯವೂ ಅದೇ ಗುಂಪಿನದು. ಮಾವ ಬಾಟಲಿ ಕಡೆ ನೋಡಿ ಸುಮ್ನೆ ನಗಲಿ. ಅಳಿಯನ ಮದುವೆಯ ಖರ್ಚು, ಮಗನ ಓದು, ಸೊಸೈಟಿ ಸಾಲದ ಕಂತು, ಎಲ್ಲ ಬಂದಿದ್ದು ಅಡಿಕೆಯಿಂದಲೇ. ಈ ಲೆಕ್ಕದ ಬಗ್ಗೆ ನಿಮ್ಮ ಕಥೆಯಲ್ಲಿ ಒಂದು ಸಾಲೂ ಇಲ್ಲ. ಅದಿಲ್ಲದೆ ಅವರ ಹಟ ಯಾರಿಗೂ ಅರ್ಥವಾಗುವುದಿಲ್ಲ.

ಕೊನೆಯ ಪುಟದ ಉಪದೇಶ ಕಿತ್ತುಹಾಕಿ. ತಿದ್ದಿದ ಪ್ರತಿಯನ್ನು ಮಳೆ ಹಿಡಿಯುವ ಮೊದಲೇ ಕಳಿಸಿ. ಆಮೇಲೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಗಡಿಬಿಡಿ, ಓದಲು ಪುರುಸೊತ್ತಿರಲ್ಲ. ನನ್ನದೂ ಒಂದು ಸಣ್ಣ ತೋಟ ಇದೆ, ಹೇಳಿರಲಿಲ್ಲ ಅಲ್ವಾ?

ಇಂತಿ ನಿಮ್ಮವ